ಹಪ್ಪಳ ಮುಂಬೈಗೆ, ಮಗಳು ಊರಲ್ಲೇ

ಅಂಕೋಲಾ ಪೇಟೆಯ ಮಗ್ಗುಲಲ್ಲೇ ಇರುವ ಭಾವಿಕೇರಿಯಂಥ ಊರುಗಳಲ್ಲಿ ವ್ಯಾಪಾರ ಈಗ ಅಂಗಡಿಕಟ್ಟೆಯಲ್ಲಷ್ಟೇ ನಡೆಯುತ್ತಿಲ್ಲ. ಬೆಳಿಗ್ಗೆ ಕಾರವಾರದ ಕಡೆ ಕೆಲಸಕ್ಕೆ ಹೊರಟ ಹುಡುಗಿ ಬಸ್ಸಿನಲ್ಲಿ ಕೂತೇ ಹಲಸಿನ ಹಪ್ಪಳದ ಆರ್ಡರು ಬರೆದುಕೊಳ್ಳುತ್ತಾಳೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಲಾಗಿನ್ ಆಗುವ ಹುಡುಗ ಸಂಜೆ ಮುರುಗಲು ಸಿಪ್ಪೆಯ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾನೆ. ಇಬ್ಬರ ಮನಸ್ಸಿನಲ್ಲೂ ಇರುವುದು ಒಂದೇ ಲೆಕ್ಕ: ಇದು ಕೈಹಿಡಿದರೆ ನೌಕರಿ ಬಿಟ್ಟು ಊರಲ್ಲೇ ಇದ್ದುಬಿಡಬಹುದು. ಈ ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಕೂತು ನೋಡುವ ಹೊತ್ತು ಬಂದಿದೆ. ನನಗೆ ಕಂಡ ಮಟ್ಟಿಗೆ, ತಾವೇ ಮಾಡಿದ್ದನ್ನು ಮಾರುವವರಿಗೆ ಈ ದಾರಿ ನಿಜಕ್ಕೂ ಇದೆ. ಆದರೆ ಒಬ್ಬೊಬ್ಬರೇ ನಡೆಯುವ ತನಕ ಅದು ನೌಕರಿ ಬಿಡುವಷ್ಟು ಅಗಲವಾಗುವುದಿಲ್ಲ.

ಊರಲ್ಲೇ ಇದ್ದು ದುಡಿಯಬೇಕೆಂಬ ಆಸೆಗೆ ನಮ್ಮ ಜಿಲ್ಲೆಯಲ್ಲಿ ಬೇರೆಯೇ ತೂಕವಿದೆ. ಅಲಗೇರಿಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಹೈಸ್ಕೂಲಿನ ಬಾಗಿಲು ತೆರೆದರು. ಓದಿದ ಮಕ್ಕಳಿಗೆ ಇಲ್ಲಿ ಕೆಲಸವಿರಲಿಲ್ಲ. ಮುಂಬೈಗೆ ಹೋದರು, ಆಮೇಲೆ ಗೋವೆಗೆ, ಕೊಲ್ಲಿ ದೇಶಗಳಿಗೆ, ಬೆಂಗಳೂರಿಗೆ. ತಿಂಗಳ ಮೊದಲ ವಾರ ಪೋಸ್ಟ್‌ಮ್ಯಾನ್ ತರುವ ಮನಿಆರ್ಡರಿನ ಮೇಲೆ ಎಷ್ಟೋ ಮನೆಗಳ ಒಲೆ ಉರಿಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡತೊಡಗಿದ ಮೇಲೆ ಹೋಗಿಬರುವುದು ಸುಲಭವಾಯಿತು. ಊರು ಬಿಡುವುದು ಮಾತ್ರ ತಪ್ಪಲಿಲ್ಲ. 2020ರ ಲಾಕ್‌ಡೌನಿನಲ್ಲಿ ಈ ಹೊಳೆ ಒಮ್ಮೆ ಹಿಂದಕ್ಕೆ ಹರಿಯಿತು. ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು, ಜಿಲ್ಲೆಯ ಒಳನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು, ಅಪ್ಪ ಅಮ್ಮನ ಜೊತೆ ಮಳೆಗಾಲ ಕಳೆದರು. ಕಂಪನಿಗಳು ವಾಪಸು ಕರೆದಾಗ ಕೆಲವರಿಗೆ ಹೋಗುವ ಮನಸ್ಸಾಗಲಿಲ್ಲ. ಇವತ್ತಿನ ಆನ್‌ಲೈನ್ ವ್ಯಾಪಾರದ ಉಮೇದಿನಲ್ಲಿ ಆ ಮಳೆಗಾಲದ ಪಾಲೂ ಇದೆ.

ಈ ವ್ಯಾಪಾರದಲ್ಲಿ ಎರಡು ಬಗೆ. ಮೊದಲನೆಯದು ಬೇರೆಯವರ ಮಾಲಿನ ಫೋಟೋ ಗ್ರೂಪುಗಳಿಗೆ ಕಳಿಸಿ, ಮೇಲೆ ಒಂದಿಷ್ಟು ಇಟ್ಟು ಮಾರುವುದು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಈ ಮಾದರಿಯನ್ನು ಮನೆಮನೆಗೆ ತಂದಿತು. ಬಂಡವಾಳವಿಲ್ಲದೆ ಶುರುಮಾಡಬಹುದು ಎಂಬುದು ಅದರ ಗುಣ, ಅದೇ ಅದರ ದೋಷ ಕೂಡ. ಅದೇ ಸೀರೆಯ ಫೋಟೋ ಅದೇ ಕೇರಿಯ ನಾಲ್ಕು ಹೆಂಗಸರ ಸ್ಟೇಟಸ್ಸಿನಲ್ಲಿ ಬಂದ ದಿನ ಉಳಿಯುವುದು ಬೆಲೆ ಇಳಿಸುವ ಪೈಪೋಟಿ ಮಾತ್ರ. ಬಣ್ಣ ಬೇರೆ ಬಂತೆಂದು ಗಿರಾಕಿ ಸಿಟ್ಟಾದರೆ ಬೈಸಿಕೊಳ್ಳುವವಳು ನೆರೆಮನೆಯವಳೇ. ಇದರಿಂದ ಕೈಖರ್ಚಿಗೆ ಕಾಸು ಸಿಗಬಹುದು. ಇದನ್ನು ನಂಬಿ ಯಾರೂ ನೌಕರಿ ಬಿಡಬಾರದು.

ಎರಡನೆಯ ಬಗೆ ಮಾಡಿ ಮಾರುವುದು. ಇಲ್ಲಿ ನಿಂತು ನೋಡುವಂಥದ್ದು ಬಹಳವಿದೆ. ಹಲಸಿನ ಹಪ್ಪಳವನ್ನೇ ತೆಗೆದುಕೊಳ್ಳಿ. ಬಲಿತು ಇನ್ನೂ ಹಣ್ಣಾಗದ ಕಾಯಿ ಬೇಕು. ಕೈಗೆ ಎಣ್ಣೆ ಹಚ್ಚಿ ಮೇಣ ತೆಗೆದು, ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವುದರೊಳಗೆ ಉಪ್ಪು, ಮೆಣಸು, ಜೀರಿಗೆ ಸೇರಿಸಿ ರುಬ್ಬಬೇಕು. ಉಂಡೆ ಕಟ್ಟಿ, ಎರಡು ಹಾಳೆಗಳ ನಡುವೆ ಒತ್ತಿ, ಚಾಪೆಯ ಮೇಲೆ ಹರಡಿ, ಬಿಸಿಲಿಗಿಟ್ಟು, ಮಗುಚಿ, ಮೋಡ ಕಂಡರೆ ಒಳಗೆ ಓಡಿಸಬೇಕು. ಇಷ್ಟಾದ ಮೇಲೆ ಪಾರ್ಸಲ್ಲಿನ ಕೆಲಸ. ಒಣಗಿದ ಹಪ್ಪಳದ ಅಂಚು ಕೊರಿಯರಿನ ಮೊದಲ ಎಸೆತಕ್ಕೇ ಮುರಿಯುತ್ತದೆ. ತಿಳಿದವರು ಕಟ್ಟಿನ ಮೇಲೂ ಕೆಳಗೂ ರಟ್ಟು ಕೊಟ್ಟು, ಅಲುಗಾಡದಂತೆ ಬಿಗಿದು, ಸಂದಿಯಲ್ಲಿ ಹಳೆಯ ಪೇಪರು ತುಂಬುತ್ತಾರೆ. ಮುರುಗಲು ಸಿರಪ್ಪಿನ ಬಾಟಲಿಗೆ ಮುಚ್ಚಳದ ಸುತ್ತ ಟೇಪು, ಅದರ ಮೇಲೊಂದು ಪ್ಲಾಸ್ಟಿಕ್ಕು. ಒಂದು ಬಾಟಲಿ ಸೋರಿದರೆ ಜೊತೆಗಿದ್ದ ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಕೆಂಪಾಗಿ ತಲುಪುತ್ತವೆ. ಒಣಸಿಗಡಿಗೆ ವ್ಯಾಕ್ಯೂಮ್ ಪ್ಯಾಕ್ ಇಲ್ಲದಿದ್ದರೆ ವಾಸನೆಗೆ ಹೆದರಿ ಕೊರಿಯರಿನವರು ಮುಟ್ಟುವುದಿಲ್ಲ. ಮೊಬೈಲಿನ ಪರದೆಯಲ್ಲಿ ಈ ಶ್ರಮ ಕಾಣುವುದಿಲ್ಲ. ಅಲ್ಲಿ ಕಾಣುವುದು ಬಾಳೆಲೆಯ ಮೇಲಿನ ಹಪ್ಪಳ, ಪಕ್ಕದಲ್ಲೊಂದು ಬೆಲೆ.

ಕೊಳ್ಳುವವರು ಯಾರು? ವಿಳಾಸಗಳನ್ನು ನೋಡಿದರೆ ತಿಳಿಯುತ್ತದೆ. ಡೊಂಬಿವಲಿ, ಠಾಣೆ, ಪುಣೆ, ಮಡಗಾಂವ, ಬೆಂಗಳೂರಿನ ಬಡಾವಣೆಗಳು. ಹೆಸರಿನ ಕೊನೆಯಲ್ಲಿ ನಾಯಕ, ಗಾಂವಕರ, ಶೆಟ್ಟಿ, ನಾಯ್ಕ. ಒಂದು ಕಾಲಕ್ಕೆ ಮನಿಆರ್ಡರು ಕಳಿಸಿದ ಮನೆಗಳೇ ಈಗ ಫೋನ್‌ಪೇ ಮಾಡಿ ಹಪ್ಪಳ ತರಿಸಿಕೊಳ್ಳುತ್ತಿವೆ. ಇದು ಈ ವ್ಯಾಪಾರದ ದೊಡ್ಡ ಬಲ. ಜಾಹೀರಾತು ಬೇಡ, ನಂಬಿಕೆ ಮೊದಲೇ ಇದೆ, "ನೀವು ಯಾರ ಮನೆಯವರು?" ಎಂದು ಒಮ್ಮೆ ಕೇಳಿದರೆ ದುಡ್ಡು ಮುಂಗಡವಾಗಿಯೇ ಬರುತ್ತದೆ. ಗಿರಾಕಿಯ ನಂಬರು ಮಾರುವವಳ ಕೈಯಲ್ಲೇ ಇರುತ್ತದೆ, ಯಾವ ಕಂಪನಿಯ ಕೈಯಲ್ಲೂ ಅಲ್ಲ. ಈ ಪದ್ಧತಿಯಲ್ಲಿ ನಾನು ಮನಸಾರೆ ಮೆಚ್ಚುವುದು ಇದನ್ನೇ. ಆದರೆ ಇದೇ ಅದರ ಬೇಲಿಯೂ ಹೌದು. ಊರಿನ ರುಚಿ ನಾಲಿಗೆಯಲ್ಲಿ ಉಳಿಸಿಕೊಂಡ ತಲೆಮಾರಿಗೆ ವಯಸ್ಸಾಗುತ್ತಿದೆ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಮೊಮ್ಮಗಳಿಗೆ ಮುರುಗಲು ಸಾರು ಅಜ್ಜಿಯ ಅಡುಗೆ, ತನ್ನ ಅಡುಗೆಯಲ್ಲ. ಅವಳನ್ನು ಗಿರಾಕಿಯಾಗಿ ಮಾಡಿಕೊಳ್ಳದ ವ್ಯಾಪಾರ ಇನ್ನು ಇಪ್ಪತ್ತು ವರ್ಷಕ್ಕೆ ಎಲ್ಲಿರುತ್ತದೆ ಎಂದು ಮಾರುವವರು ಈಗಲೇ ಯೋಚಿಸಬೇಕು.

ಇನ್ನು ಕಾಲದ ಮಾತು. ಆನ್‌ಲೈನ್ ಅಂಗಡಿ ವರ್ಷವಿಡೀ ತೆರೆದಿರುತ್ತದೆ ಎನ್ನುತ್ತಾರೆ. ಕರಾವಳಿಯಲ್ಲಿ ಹಾಗಿಲ್ಲ. ಹಲಸು, ಮುರುಗಲು, ಮಾವು ಎಲ್ಲ ಬರುವುದು ಏಪ್ರಿಲ್ ಮೇ ತಿಂಗಳಲ್ಲಿ, ಒಣಗುವ ಬಿಸಿಲೂ ಅಷ್ಟೇ ದಿನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆ ಹಿಡಿದರೆ ಕರೆಂಟಿಗೆ ಭರವಸೆಯಿಲ್ಲ, ಕರೆಂಟು ಹೋದರೆ ನೆಟ್ಟೂ ಇಲ್ಲ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆ ದುಃಖದ ಮುಂದೆ ಪಾರ್ಸಲ್ಲು ಲೆಕ್ಕಕ್ಕಿಲ್ಲ. ಆದರೂ ಒಂದೇ ರಸ್ತೆಯನ್ನು ನಂಬಿ ಬದುಕು ಕಟ್ಟುವವರು ಆ ದಿನಗಳನ್ನು ಮರೆಯುವಂತಿಲ್ಲ. ಎರಡು ತಿಂಗಳ ದುಡಿಮೆ ಹನ್ನೆರಡು ತಿಂಗಳ ಸಂಬಳವಾಗಬೇಕು, ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಮೇ ತಿಂಗಳ ಆರ್ಡರುಗಳನ್ನು ನೋಡಿ ಹಿಗ್ಗಿ ಜೂನಿನಲ್ಲಿ ರಾಜೀನಾಮೆ ಕೊಡುವುದು ದೊಡ್ಡ ಅಪಾಯ. ಒಂದು ಪೂರ್ತಿ ಮಳೆಗಾಲವನ್ನು ಸಂಬಳದ ಜೊತೆಗೇ ದಾಟಬೇಕು. ಆಗಸ್ಟಿನಲ್ಲೂ ಹಳೆಯ ಗಿರಾಕಿಗಳು ತಾವಾಗಿ ಕೇಳಿಬಂದರೆ, ಕೊಡಲು ಕೈಯಲ್ಲಿ ದಾಸ್ತಾನು ಇದ್ದರೆ, ಆಗ ನೌಕರಿ ಬಿಡುವ ಮಾತು ಎತ್ತಬಹುದು.

ಕಾನೂನಿನ ಗಂಟು ಇನ್ನೊಂದು. ತಿಂಡಿ ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದರ 14 ಅಂಕೆಯ ಸಂಖ್ಯೆ ಲೇಬಲ್ಲಿನ ಮೇಲೆ ಇರಬೇಕು. ಅದು ಕಷ್ಟದ್ದಲ್ಲ. ಜಿಎಸ್‌ಟಿಯದ್ದು ಕಷ್ಟ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಡ ಎಂದು ಎಲ್ಲರೂ ಕೇಳಿರುತ್ತಾರೆ. ಆದರೆ ತೆರಿಗೆಯಿರುವ ತಿನಿಸನ್ನು ಬೇರೆ ರಾಜ್ಯಕ್ಕೆ ಮಾರಿದರೆ ಆ ವಿನಾಯಿತಿ ಇಲ್ಲ. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣವರೂ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರಬಹುದು, ಅದೂ ರಾಜ್ಯದೊಳಗೆ ಮಾತ್ರ. ಬೀದರಿನ ತನಕ ಕಳಿಸಬಹುದು, ಕಾರವಾರ ದಾಟಿದರೆ ಸಿಗುವ ಗೋವೆಗೆ ಕಳಿಸುವಂತಿಲ್ಲ. ಹಪ್ಪಳಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಅದು ಮುಂಬೈಗೆ ನಿರಾಳವಾಗಿ ಹೋಗುತ್ತದೆ. ಅದೇ ಒಲೆಯ ಪಕ್ಕದಲ್ಲಿ ಆದ ಉಪ್ಪಿನಕಾಯಿಗೆ ತೆರಿಗೆಯಿದೆ, ಅದನ್ನು ಕಳಿಸಲು ನೋಂದಣಿ ಬೇಕು. ಬಹುಪಾಲು ಗಿರಾಕಿಗಳು ಗಡಿಯಾಚೆ ಇರುವ ನಮ್ಮ ತಾಲೂಕಿಗೆ ಈ ನಿಯಮದ ಪೆಟ್ಟು ಬೇರೆ ಕಡೆಗಿಂತ ಹೆಚ್ಚು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಅಂಗಡಿಗಳ ಮುಂದಿನ ಕ್ಯೂಆರ್ ಕೋಡು ಕಿತ್ತ ಸುದ್ದಿ ಎಲ್ಲೆಡೆ ಹಬ್ಬಿತು. ಹೆದರಿಕೆಯಿಂದ ನಗದಿಗೆ ಮರಳುವುದು ಮನೆಯಿಂದ ಮಾರುವವರಿಗೆ ಆಗದ ಮಾತು. ದೂರದ ಗಿರಾಕಿ ನಗದು ಹೇಗೆ ಕೊಟ್ಟಾನು?

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೆಲೆಯ ಲೆಕ್ಕ. ನೂರು ಹಪ್ಪಳದ ಬೆಲೆ ಕಟ್ಟುವಾಗ ಹಲಸು, ಮೆಣಸು, ಗ್ಯಾಸು, ರಟ್ಟು, ಕೊರಿಯರು ಎಲ್ಲವನ್ನೂ ಕೂಡುತ್ತಾರೆ. ಒತ್ತಿದ ಕೈಯ ಕೂಲಿ ಕೂಡುವುದಿಲ್ಲ. ಮಗಳು ಫೋನು ನೋಡಿಕೊಳ್ಳುತ್ತಾಳೆ, ಹಪ್ಪಳ ಮಾಡುವವರು ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ. "ಮನೇಲೇ ಇರ್ತೇವಲ್ಲ" ಎಂದು ಅವರೇ ಹೇಳುತ್ತಾರೆ. ಆ ಒಂದು ಮಾತಿನಿಂದ ವ್ಯಾಪಾರ ಲಾಭದಲ್ಲಿರುವಂತೆ ಕಾಣುತ್ತದೆ. ಅಡುಗೆ, ದನ, ಮಕ್ಕಳ ಶಾಲೆ ಮುಗಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ಕೂರುವ ಆ ಹೆಂಗಸಿಗೆ ಪೇಟೆಯ ಅಂಗಡಿಯಲ್ಲಿ ದುಡಿದರೆ ಸಿಗುವ ದಿನಗೂಲಿಯನ್ನು ಸೇರಿಸಿ ಬೆಲೆ ಕಟ್ಟಿ ನೋಡಬೇಕು. ಆಗಲೂ ಗಿರಾಕಿ ಕೊಳ್ಳುತ್ತಾನಾದರೆ ಅದು ವ್ಯಾಪಾರ. ಇಲ್ಲವಾದರೆ ಅಮ್ಮನ ದುಡಿಮೆಯನ್ನು ಅಗ್ಗಕ್ಕೆ ಮಾರಿ ಮಗಳು ಊರಲ್ಲಿ ಉಳಿದಂತಾಯಿತು.

ಒಬ್ಬೊಬ್ಬರೇ ಈ ಗಂಟುಗಳನ್ನು ಬಿಚ್ಚಲಾರರು ಎಂದು ನಾನು ಹೇಳುವುದು ಇದಕ್ಕೇ. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದ್ದು ಒಬ್ಬ ತೋಟಗಾರನ ಅರ್ಜಿಯಿಂದಲ್ಲ, ತೋಟಗಾರರು ಕೂಡಿ ಕಟ್ಟಿದ ಉತ್ಪಾದಕ ಕಂಪನಿಯಿಂದ. ತೆಳುಸಿಪ್ಪೆಯ ಆ ಹಣ್ಣು ದೂರದ ಪ್ರಯಾಣ ತಾಳದು. ಮೇ ತಿಂಗಳಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವುದೇ ಇಂದಿಗೂ ಅದರ ಮುಖ್ಯ ಮಾರುಕಟ್ಟೆ. ಆದರೂ ಹೆಸರು ಎಲ್ಲರದ್ದಾಯಿತು. ಹಾಗೆಯೇ ಭಾವಿಕೇರಿಯ ಹತ್ತು ಮನೆಯ ಹೆಂಗಸರು ಒಂದು ಸಂಘದ ಹೆಸರಲ್ಲಿ ಒಂದೇ ಜಿಎಸ್‌ಟಿ ನೋಂದಣಿ ಮಾಡಿಸಿದರೆ ಹತ್ತೂ ಮನೆಯ ಉಪ್ಪಿನಕಾಯಿ ಮುಂಬೈಗೆ ಹೋಗಬಹುದು. ಒಂದು ಡ್ರೈಯರು, ಒಂದು ವ್ಯಾಕ್ಯೂಮ್ ಯಂತ್ರ, ಪ್ಯಾಕಿಂಗಿಗೆ ಒಂದು ಕೋಣೆ ಇದ್ದರೆ ಜೂನಿನ ಮಳೆಯಲ್ಲೂ ಕೆಲಸ ನಿಲ್ಲುವುದಿಲ್ಲ. ಸಂಘದ ಲೆಕ್ಕದ ಪುಸ್ತಕದಲ್ಲಿ ಕೂಲಿಗೆ ಬೇರೆ ಕಾಲಂ ಇರಲೇಬೇಕಾಗುತ್ತದೆ. ಗಿರಾಕಿಗಳ ನಂಬರು ಈಗಿನಂತೆ ಆಯಾ ಮನೆಯವರ ಫೋನಿನಲ್ಲೇ ಇರಲಿ.