ಕಪ್ಪು ಪರದೆಗೆ ಒಂದೇ ಮದ್ದೇ?

ಉಬುಂಟು, ಫೆಡೋರಾ, ಡೆಬಿಯನ್ ಮೊದಲಾದ ಲಿನಕ್ಸ್ ವಿತರಣೆಗಳನ್ನು ಗಣಕಕ್ಕೆ ಅಳವಡಿಸುವುದು ಇಂದು ಬಹುಮಟ್ಟಿಗೆ ಸುಲಭ. ಆದರೂ ಕೆಲವು ಗಣಕಗಳಲ್ಲಿ ಅಳವಡಿಕೆಯ ನಡುವೆಯೋ ಮರುಚಾಲನೆಯ ನಂತರವೋ ಪರದೆ ಕಪ್ಪಾಗಿ ನಿಂತುಬಿಡುತ್ತದೆ. ಆಗ ನಿಮಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಎರಡು. ‘ನೋಮೋಡ್‌ಸೆಟ್’ ಎಂಬ ಪದ ಸೇರಿಸಿ. ‘ಸೆಕ್ಯೂರ್ ಬೂಟ್’ ಅನ್ನು ಆಫ್ ಮಾಡಿ. ಇದರಿಂದ ಎಷ್ಟೋ ಸಲ ಪರದೆ ಬೆಳಗುತ್ತದೆ ಎಂಬುದೂ ನಿಜ. ನನ್ನ ಆಕ್ಷೇಪವಿರುವುದು, ದೋಷ ಎಲ್ಲಿದೆ ಎಂದು ವಿಚಾರಿಸುವ ಮೊದಲೇ ಇವನ್ನು ಬರೆದುಕೊಡುವ ಪದ್ಧತಿಯ ಬಗ್ಗೆ.

ಗಣಕದ ಗುಂಡಿ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡ್‌ನಲ್ಲಿರುವ ಫರ್ಮ್‌ವೇರ್. ಹಳೆಯ ಗಣಕಗಳಲ್ಲಿ ಅದು ಬಯಾಸ್, ಈಗಿನವುಗಳಲ್ಲಿ ಯುಇಎಫ್ಐ. ಅದು ಗ್ರಬ್ ಎಂಬ ಪುಟ್ಟ ತಂತ್ರಾಂಶವನ್ನು ಹುಡುಕಿ ಚಾಲನೆ ಮಾಡುತ್ತದೆ. ಗ್ರಬ್ ಕರ್ನೆಲ್ಲನ್ನು ಮೆಮೊರಿಗೆ ತರುತ್ತದೆ. ಕರ್ನೆಲ್ ಡಿಸ್ಕ್, ಕೀಲಿಮಣೆ, ಗ್ರಾಫಿಕ್ಸ್ ಇವುಗಳ ಡ್ರೈವರ್‌ಗಳನ್ನು ಸಿದ್ಧಪಡಿಸಿದ ಮೇಲೆ ಲಾಗಿನ್ ಪರದೆಯ ಸರದಿ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ನೋಡುವವರ ಕಣ್ಣಿಗೆ ಬೀಳುವುದು ಅದೇ ಕಪ್ಪು ಪರದೆ! ಪೆನ್‌ಡ್ರೈವ್‌ನಿಂದ ಚಾಲನೆ ಮಾಡುವಾಗ ಗ್ರಬ್‌ನ ಪಟ್ಟಿಯೇ ಕಾಣಿಸಲಿಲ್ಲ ಎನ್ನಿ. ಕರ್ನೆಲ್ ಇನ್ನೂ ಆರಂಭವೇ ಆಗಿಲ್ಲ. ಅದಕ್ಕೆ ಕೊಡುವ ಸೂಚನೆಯಿಂದ ಏನಾದೀತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅಲ್ಲಿ ನೋಡಬೇಕಾದದ್ದು ಪೆನ್‌ಡ್ರೈವ್‌ಗೆ ಕಡತ ಸರಿಯಾಗಿ ಬರೆಯಲ್ಪಟ್ಟಿದೆಯೇ, ಇಳಿಸಿಕೊಂಡ ಕಡತದ ಶಾ-256 ಮೊತ್ತವು ವಿತರಕರು ಪ್ರಕಟಿಸಿದ ಮೊತ್ತಕ್ಕೆ ತಾಳೆಯಾಗುತ್ತದೆಯೇ ಎಂಬುದನ್ನು.

ನೋಮೋಡ್‌ಸೆಟ್ ನಿಜಕ್ಕೂ ಮಾಡುವುದೇನು? ಪರದೆಯ ಅಡ್ಡ-ನೇರ ಬಿಂದುಗಳೆಷ್ಟು, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗಬೇಕು ಎಂದು ನಿಗದಿ ಮಾಡುವ ಕೆಲಸ ಮೊದಲು ಕರ್ನೆಲ್‌ನ ಹೊರಗೆ, ಎಕ್ಸ್ ಸರ್ವರ್‌ನಲ್ಲಿ ನಡೆಯುತ್ತಿತ್ತು. 2009ರಲ್ಲಿ ಬಂದ ಲಿನಕ್ಸ್ 2.6.29ರಿಂದ, ಮೊದಲಿಗೆ ಇಂಟೆಲ್ ಗ್ರಾಫಿಕ್ಸ್‌ಗೆ, ಇದು ಕರ್ನೆಲ್‌ನ ಒಳಗೇ ಬಂತು. ನೋಮೋಡ್‌ಸೆಟ್ ಎಂದರೆ ಈ ಕೆಲಸ ಬೇಡ ಎಂಬ ಸೂಚನೆ. ಆಗ ಫರ್ಮ್‌ವೇರ್ ಹೇಗೆ ಸಜ್ಜುಗೊಳಿಸಿತ್ತೋ ಪರದೆ ಹಾಗೆಯೇ ಉಳಿಯುತ್ತದೆ. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಲೆಕ್ಕವನ್ನೆಲ್ಲ ಮುಖ್ಯ ಸಂಸ್ಕಾರಕವೇ ಹೊರಬೇಕಾಗುತ್ತದೆ. ವಿಡಿಯೋ ತಡವರಿಸುತ್ತದೆ, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ಕರ್ನೆಲ್‌ನ ಅಧಿಕೃತ ದಾಖಲೆಯೇ ಇದನ್ನು ದೋಷ ಬಂದಾಗಿನ ಆಪದ್ಧರ್ಮವೆಂದೂ ಪರೀಕ್ಷೆಗೆ ಉಪಯುಕ್ತವೆಂದೂ ವಿವರಿಸುತ್ತದೆ. ಹೀಗಿದ್ದೂ ಹಲವು ಕೈಪಿಡಿಗಳು ಆ ಪದವನ್ನು ಗ್ರಬ್‌ನ ಸಂರಚನಾ ಕಡತದಲ್ಲಿ ಶಾಶ್ವತವಾಗಿ ಬರೆಯಿಸಿ ಕೈತೊಳೆದುಕೊಳ್ಳುತ್ತವೆ. ಮುರಿದ ಕಾಲಿಗೆ ಊರುಗೋಲು ಬೇಕು, ಸರಿ. ಮೂಳೆ ಕೂಡಿಸುವವರು ಯಾರು?

ಸೆಕ್ಯೂರ್ ಬೂಟ್‌ನ ಕಥೆ ಇನ್ನೂ ಗಂಭೀರ. ಸಹಿ ಇಲ್ಲದ ತಂತ್ರಾಂಶ ಚಾಲನೆಯಾಗದಂತೆ ತಡೆಯುವುದು ಇದರ ಉದ್ದೇಶ. ಉಬುಂಟು, ಫೆಡೋರಾ, ಡೆಬಿಯನ್ ಮೂರೂ ಸಹಿಯುಳ್ಳ ‘ಶಿಮ್’ ಎಂಬ ತಂತ್ರಾಂಶದ ಮೂಲಕ ಇದಕ್ಕೆ ಹೊಂದಿಕೊಂಡಿವೆ. ಬರಿಯ ಅಳವಡಿಕೆಗಾಗಿ ಇದನ್ನು ಆಫ್ ಮಾಡಬೇಕಾದ ಸಂದರ್ಭ ಕಡಿಮೆ. ತೊಡಕು ಬರುವುದು ಎನ್‌ವಿಡಿಯಾದಂಥ ಡ್ರೈವರ್‌ಗಳನ್ನು ನಿಮ್ಮ ಗಣಕದಲ್ಲಿಯೇ ಕಂಪೈಲ್ ಮಾಡಿದಾಗ. ಉಬುಂಟು ಆಗ ಒಂದು ಪಾಸ್‌ವರ್ಡ್ ಕೇಳುತ್ತದೆ; ಮರುಚಾಲನೆಯಾದಾಗ ನೀಲಿ ಪರದೆಯೊಂದು ಬಂದು ಹೊಸ ಕೀಲಿಯನ್ನು ನೋಂದಾಯಿಸಲು ಹೇಳುತ್ತದೆ. ಅದು ಕೆಲವೇ ಸೆಕೆಂಡು ಕಾಯುತ್ತದೆ. ಅಪರಿಚಿತ ಪರದೆಗೆ ಹೆದರಿ ವಿದ್ಯಾರ್ಥಿ ಮುಂದೆ ಸಾಗಿದನೆಂದರೆ ಕೀಲಿ ನೋಂದಣಿಯಾಗದು, ಡ್ರೈವರ್ ಲೋಡ್ ಆಗದು. ಇದೇ ಚಿಪ್‌ಗೆ ಇರುವ ಮುಕ್ತ ಡ್ರೈವರ್ ‘ನೂವೋ’ವನ್ನು ಎನ್‌ವಿಡಿಯಾ ಪ್ಯಾಕೇಜು ಮೊದಲೇ ತಡೆದಿರುತ್ತದೆ. ಎರಡೂ ಇಲ್ಲ! ‘ಮರುಚಾಲನೆ ಮಾಡಿ, ಕೆಲಸ ಮುಗಿಯಿತು’ ಎಂದು ಬರೆಯುವ ಕೈಪಿಡಿ ಈ ನೀಲಿ ಪರದೆಯ ಬಗ್ಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬದಲಾಗಿ ಸೆಕ್ಯೂರ್ ಬೂಟ್ ಅನ್ನೇ ಆಫ್ ಮಾಡಿಸುತ್ತದೆ. ಅದೇ ಗಣಕದಲ್ಲಿ ಬಿಟ್‌ಲಾಕರ್‌ನಿಂದ ಬೀಗ ಹಾಕಿದ ವಿಂಡೋಸ್ ಇದ್ದರೆ ಮರುದಿನ ಅದು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿ ಕೈಯಲ್ಲಿಲ್ಲದ ಅಧ್ಯಾಪಕರ ಅಂಕಪಟ್ಟಿಗಳ ಗತಿ ಏನು?

ತಪ್ಪು ಕೈಪಿಡಿ ಬರೆಯುವವರದು ಮಾತ್ರವಲ್ಲ. ಉಬುಂಟು ತನ್ನ ಕರ್ನೆಲ್‌ಗೆ ‘ಕ್ವಾಯೆಟ್’, ‘ಸ್ಪ್ಲಾಶ್’ ಎಂಬೆರಡು ಪದಗಳನ್ನು ತಾನಾಗಿಯೇ ಕೊಡುತ್ತದೆ. ಕರ್ನೆಲ್ ಹೇಳಹೊರಟ ಮಾತುಗಳನ್ನು ಮರೆಮಾಡಿ ಚೆಂದದ ಲಾಂಛನ ತೋರಿಸುವುದು ಇವುಗಳ ಕೆಲಸ. ಎಲ್ಲವೂ ಸರಿಯಿದ್ದಾಗ ಇದು ಹಿತವೇ. ಕೆಟ್ಟಾಗ ಮಾತ್ರ ರೋಗಿಯ ಬಾಯಿಗೆ ಬಟ್ಟೆ ತುರುಕಿ ರೋಗ ಕೇಳಿದ ಹಾಗೆ. ಅಳವಡಿಕೆಯ ಪಟ್ಟಿಯಲ್ಲಿರುವ ‘ಸೇಫ್ ಗ್ರಾಫಿಕ್ಸ್’ ಕೂಡ ನೋಮೋಡ್‌ಸೆಟ್‌ನ ಇನ್ನೊಂದು ಹೆಸರಷ್ಟೇ. ‘ಸೇಫ್’ ಎಂದರೆ ಯಾರು ತಾನೇ ಒಳ್ಳೆಯದೆಂದು ತಿಳಿಯುವುದಿಲ್ಲ? ಕರ್ನೆಲ್ ಬರೆಯುವವರು ಈ ಕೊರತೆಯನ್ನು ಗಮನಿಸದೇ ಇಲ್ಲ. 2024ರ ಲಿನಕ್ಸ್ 6.10ರಲ್ಲಿ, ಕರ್ನೆಲ್ ಕುಸಿದಾಗ ಅದರ ಸಂದೇಶವನ್ನು ಪರದೆಯ ಮೇಲೆಯೇ ತೋರಿಸುವ ಏರ್ಪಾಡು ಸೇರಿತು. ಅದೇ ವರ್ಷದ 6.12ರಲ್ಲಿ ಆ ಸಂದೇಶವನ್ನು ಕ್ಯೂಆರ್ ಸಂಕೇತವಾಗಿ ತೋರಿಸುವ ಅನುಕೂಲವೂ ಬಂತು. ಆದರೆ ಕುಸಿಯದೆ, ಡ್ರೈವರ್ ಮಾತ್ರ ಸೋತ ಗಣಕಕ್ಕೆ ಇದರಿಂದ ಉಪಯೋಗವಿಲ್ಲ.

ಹಾಗಾದರೆ ಕೈಪಿಡಿಯ ಮೊದಲ ಪುಟದಲ್ಲಿ ಏನಿರಬೇಕು? ಪರದೆ ಕಪ್ಪಾದಾಗ ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಕರ್ನೆಲ್ ಬದುಕಿದೆ ಎನ್ನಲು ಒಳ್ಳೆಯ ಸುಳಿವು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರಗಳ ಲಾಗಿನ್ ಸಿಗಲೂಬಹುದು. ಸಿಗದಿದ್ದರೆ ಗ್ರಬ್‌ನ ಪಟ್ಟಿಯಲ್ಲಿ ಇ ಅಕ್ಷರ ಒತ್ತಿ, ಕ್ವಾಯೆಟ್ ಮತ್ತು ಸ್ಪ್ಲಾಶ್ ಅಳಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಚಾಲನೆಗೆ ಮಾತ್ರ. ಹಾಳಾಗುವುದು ಏನೂ ಇಲ್ಲ. ಸಾಲುಗಳು ಓಡಿ ಎಲ್ಲಿ ನಿಲ್ಲುತ್ತವೆಯೋ ಆ ಕೊನೆಯ ಸಾಲನ್ನು ಬರೆದುಕೊಳ್ಳಿ. ಆಮೇಲೆ ಬೇಕಾದರೆ ನೋಮೋಡ್‌ಸೆಟ್ ಹಾಕಿ ಒಳಹೊಕ್ಕು, ಸೋತ ಚಾಲನೆಯ ದಾಖಲೆ ಉಳಿದಿದ್ದರೆ ಅದನ್ನು ಓದಿ, ತಕ್ಕ ಡ್ರೈವರ್ ಹಾಕಿ, ಆ ಪದವನ್ನು ತೆಗೆದುಬಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರಯೋಗಾಲಯದಲ್ಲಿ ಮಂಡಲದ ದೋಷ ಹುಡುಕುವಾಗ ರೋಧ, ಕೋಶ, ಮೀಟರು ಮೂರನ್ನೂ ಒಟ್ಟಿಗೆ ಬದಲಿಸಲು ನಾವು ಬಿಡುತ್ತೇವೆಯೇ?

ಆ ಪದವನ್ನು ತೆಗೆಯದಿದ್ದರೆ ಎಂಥ ಫಜೀತಿ ಎಂಬುದು ತಿಂಗಳುಗಳ ನಂತರ, ತರಗತಿಯಲ್ಲಿ ಪ್ರೊಜೆಕ್ಟರ್ ಜೋಡಿಸಿದಾಗ ತಿಳಿಯುತ್ತದೆ. ಫರ್ಮ್‌ವೇರ್ ಸಜ್ಜುಗೊಳಿಸಿದ ಒಂದೇ ಪರದೆಯನ್ನು ನೆಚ್ಚಿಕೊಂಡ ಗಣಕಕ್ಕೆ ಎರಡನೆಯ ಪರದೆ ಇರುವುದೇ ಗೊತ್ತಾಗದು. ಆಗ ಕೇಬಲ್ ಬದಲಿಸುತ್ತಾರೆ, ಪ್ರೊಜೆಕ್ಟರ್ ಬದಲಿಸುತ್ತಾರೆ, ‘ಲಿನಕ್ಸ್ ಹಣೆಬರಹವೇ ಇಷ್ಟು’ ಎಂದು ಬೈಯುತ್ತಾರೆ. ಗ್ರಬ್‌ನ ಕಡತವನ್ನು ತೆರೆದು ನೋಡುವವರು ಮಾತ್ರ ವಿರಳ.