ಮುತ್ತಿಗಿಂತ ಮೊದಲು ಗಂಟು

ಶಾಲೆಗಳಿಗೆ ರಜೆ ಸಿಕ್ಕ ಹೊತ್ತಿದು. ಹೊಸಬರಿಗೆಂದು ಮಾರುವ ಆಭರಣದ ಕಿಟ್‌ಗಳು ಮನೆಮನೆಗೆ ಬರುತ್ತಿವೆ. ಡಬ್ಬಿ ತೆರೆದರೆ ಪ್ಲಾಸ್ಟಿಕ್ ಮುತ್ತು, ಎಳೆದಷ್ಟೂ ಹಿಗ್ಗುವ ಎಲಾಸ್ಟಿಕ್ ದಾರ, ಒಂದು ಟ್ಯೂಬ್ ಗೋಂದು. ಪೋಣಿಸು, ತುದಿ ಕಟ್ಟು, ಮೇಲೊಂದು ತೊಟ್ಟು ಗೋಂದು ಹಾಕು, ಅಲ್ಲಿಗೆ ಮುಗಿಯಿತು. ಈ ಎಲಾಸ್ಟಿಕ್ ಪಂಥದ ಮೇಲೆ ಅಂಕಣಕ್ಕೆ ಹಳೆಯ ಸಿಟ್ಟಿದೆ. ಎಲಾಸ್ಟಿಕ್ ದಿನ ಕಳೆದಂತೆ ಸಡಿಲಾಗುತ್ತದೆ, ಗೋಂದು ಒಣಗಿ ಬಿರುಕು ಬಿಡುತ್ತದೆ, ತುಂಡಾದ ದಿನ ಮುತ್ತುಗಳೆಲ್ಲ ಮಂಚದಡಿ ಸೇರುತ್ತವೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಗುವಿನ ಬೆರಳು ಗಂಟು ಹಾಕಲು ಕಲಿಯುವುದೇ ಇಲ್ಲ.

ಉಡುಪಿ ಕಡೆಯ ಇನ್ನಂಜೆಯ ಸುತ್ತಿನವರಿಗಂತೂ ಈ ಡಬ್ಬಿ ಬೇಡವೇ ಬೇಡ. ಪಕ್ಕದ ಶಂಕರಪುರದ ಹೆಸರಿನಲ್ಲಿ ಮಾರಾಟವಾಗುವ ಮಲ್ಲಿಗೆಗೆ ಸೂಜಿ ಮುಟ್ಟಿಸುವವರಿಲ್ಲ. ಬೆಳಿಗ್ಗೆ ಕೊಯ್ದ ಮೊಗ್ಗುಗಳ ತೊಟ್ಟುಗಳನ್ನು ಜೋಡಿಸಿ, ಬಾಳೆನಾರು ಸುತ್ತಿ, ಕುಣಿಕೆಯೊಳಗಿಂದ ಎಳೆದು ಬಿಗಿಯುತ್ತಾರೆ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆ ಕಟ್ಟುವಷ್ಟರಲ್ಲಿ 3,200 ಮೊಗ್ಗುಗಳು ಬೆರಳ ನಡುವೆ ಹಾದಿರುತ್ತವೆ. ನಾರು ಎಷ್ಟು ಎಳೆದರೆ ನಿಲ್ಲುತ್ತದೆ, ಎಷ್ಟು ಎಳೆದರೆ ತೊಟ್ಟು ಮುರಿಯುತ್ತದೆ ಎಂಬ ಅಂದಾಜು ಆ ಕೈಗಳಿಗೆ ಚಿಕ್ಕಂದಿನಿಂದಲೇ ಬಂದಿರುತ್ತದೆ. ಮುತ್ತಿನ ಸರಕ್ಕೆ ಬೇಕಾದದ್ದೂ ಅದೇ ಹದ.

ಒಳ್ಳೆಯ ಮುತ್ತಿನ ಸರದಲ್ಲಿ ಪ್ರತಿ ಎರಡು ಮುತ್ತಿನ ನಡುವೆ ಒಂದು ಗಂಟಿರುತ್ತದೆ. ಮುತ್ತು ಕಲ್ಲಲ್ಲ, ಚಿಪ್ಪಿನ ಜೀವಿಯ ಒಡಲಲ್ಲಿ ಪದರಪದರವಾಗಿ ಕೂಡಿದ ಸುಣ್ಣದ ವಸ್ತು. ಒಂದಕ್ಕೊಂದು ತಿಕ್ಕಿದರೆ ಸವೆಯುತ್ತದೆ; ಬೆವರು, ಅತ್ತರು, ಹುಳಿ ತಾಗಿದರೆ ಹೊಳಪು ಕಳೆದುಕೊಳ್ಳುತ್ತದೆ. ನಡುವಿನ ಗಂಟು ತಿಕ್ಕಾಟ ತಪ್ಪಿಸುತ್ತದೆ, ದಾರ ಹರಿದರೂ ಕಳೆದುಹೋಗುವುದು ಹೆಚ್ಚೆಂದರೆ ಒಂದೆರಡು ಮುತ್ತು. ಲೆಕ್ಕದಲ್ಲೂ ಲಾಭವಿದೆ: 6 ಮಿಲಿಮೀಟರ್ ಮುತ್ತಿನ 18 ಇಂಚಿನ ಸರಕ್ಕೆ ಗಂಟಿಲ್ಲದೆ 70ರ ಮೇಲೆ ಮುತ್ತು ಬೇಕು, ಗಂಟು ಹಾಕಿದರೆ ಅದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ಗಂಟು ಹಾಕುವ ಕ್ರಮ ಸರಳ. ರೇಷ್ಮೆ ದಾರವನ್ನು ಎರಡೆಳೆ ಮಾಡಿ ಮುತ್ತು ಪೋಣಿಸಬೇಕು. ಸಡಿಲ ಕುಣಿಕೆ ಮಾಡಿ ಅದರೊಳಗೆ ದಪ್ಪ ಸೂಜಿಯೊಂದನ್ನು ತೂರಿಸಿ, ಆ ಸೂಜಿಯಿಂದಲೇ ಕುಣಿಕೆಯನ್ನು ಮುತ್ತಿನ ಬುಡದವರೆಗೆ ಸರಿಸಬೇಕು. ಸೂಜಿ ಹೊರಗೆಳೆದ ಕ್ಷಣದಲ್ಲೇ ದಾರ ಬಿಗಿಯಬೇಕು. ಗಂಟು ಮುತ್ತಿಗೆ ಆತು ಕೂರಬೇಕು. ನಡುವೆ ದಾರ ಬರಿದಾಗಿ ಕಂಡರೆ ಬಿಚ್ಚಿ ಮತ್ತೆ ಹಾಕಬೇಕು. ರೇಷ್ಮೆ ಹಿಗ್ಗುವ ಗುಣದ್ದು, ಹಾಗಾಗಿ ಕೆಲಸಕ್ಕೆ ಹಿಂದಿನ ರಾತ್ರಿ ದಾರದ ತುದಿಗೆ ಸಣ್ಣ ಭಾರ ಕಟ್ಟಿ ನೇತುಹಾಕುವುದು ಒಳ್ಳೆಯದು. ಮೊದಲ ಅಭ್ಯಾಸ ಅಗ್ಗದ ಗಾಜಿನ ಮಣಿಗಳ ಮೇಲಿರಲಿ.

ಮುತ್ತು ಕೊಳ್ಳುವಾಗಲೂ ಕಣ್ಣು ಮೊದಲು ತೂತಿಗೆ ಹೋಗಬೇಕು. ಹಲ್ಲಿಗೆ ಉಜ್ಜಿ ಪರೀಕ್ಷಿಸುವ ಪದ್ಧತಿಗೆ ಅಂಗಡಿಯವರು ಮುಖ ಗಂಟಿಕ್ಕುತ್ತಾರೆ. ಸಣ್ಣ ಭೂತಗನ್ನಡಿ ಹಿಡಿದು ತೂತಿನ ಅಂಚು ನೋಡಿದರೆ ಯಾರ ಅಡ್ಡಿಯೂ ಇಲ್ಲ. ಬಣ್ಣ ಬಳಿದ ಗಾಜು ಅಥವಾ ಪ್ಲಾಸ್ಟಿಕ್ಕಿನ ಮಣಿಯಾದರೆ ಅಲ್ಲೇ ಲೇಪ ಸಿಪ್ಪೆಯೆದ್ದಿರುತ್ತದೆ.

ತೂತಿನ ಮಹತ್ವವನ್ನು ಬಹಳ ಹಿಂದೆಯೇ ಹೇಳಿಟ್ಟವನು ಕೌಟಿಲ್ಯ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರವನ್ನು ರಾಜನೀತಿಗಾಗಿ ಓದುವವರೇ ಹೆಚ್ಚು. ಅದರ ಎರಡನೆಯ ಅಧಿಕರಣದ ಹನ್ನೊಂದನೆಯ ಅಧ್ಯಾಯವನ್ನು ಮಣಿ ಪೋಣಿಸುವವರು ಓದಬೇಕು. ಬೊಕ್ಕಸಕ್ಕೆ ಸೇರಬೇಕಾದ ರತ್ನಗಳ ಪರೀಕ್ಷೆ ಅಲ್ಲಿಯ ವಿಷಯ. ದಪ್ಪ, ದುಂಡು, ನಿಲ್ಲದೆ ಉರುಳುವ ಗುಣ, ಹೊಳಪು, ಬಿಳುಪು, ತೂಕ, ನುಣುಪು ಇಷ್ಟನ್ನೂ ಒಳ್ಳೆಯ ಮುತ್ತಿನ ಲಕ್ಷಣವೆಂದು ಹೇಳಿ, ಅದರ ಜೊತೆಗೇ ಸರಿಯಾದ ಜಾಗದಲ್ಲಿ ತೂತು ಬಿದ್ದಿರಬೇಕು ಎನ್ನುತ್ತದೆ ಗ್ರಂಥ. ದೋಷಗಳ ಪಟ್ಟಿಯಲ್ಲಿ ಕೆಟ್ಟದಾಗಿ ಕೊರೆದ ಮುತ್ತಿಗೂ ಜಾಗವಿದೆ. ಓರೆ ತೂತಿನ ಮುತ್ತು ಸರದಲ್ಲಿ ಸೊಟ್ಟಗೆ ಕೂರುತ್ತದೆ, ಎಂಥ ಗಂಟೂ ಅದನ್ನು ನೆಟ್ಟಗೆ ಮಾಡಲಾರದು.

ಆಮೇಲೆ ಸರಗಳ ಲೆಕ್ಕ ಬರುತ್ತದೆ. 1008 ಎಳೆಗಳದ್ದು ಇಂದ್ರಚ್ಛಂದ, ಅದರರ್ಧ ವಿಜಯಚ್ಛಂದ. 64 ಎಳೆಗಳದ್ದು ಅರ್ಧಹಾರ, 54ರದ್ದು ರಶ್ಮಿಕಲಾಪ, 32ರದ್ದು ಗುಚ್ಛ, 27ರದ್ದು ನಕ್ಷತ್ರಮಾಲೆ. ಎಳೆಯ ಒಳಗಿನ ಜೋಡಣೆಗೂ ಬೇರೆ ಬೇರೆ ಹೆಸರುಗಳಿವೆ. ಎಲ್ಲ ಮುತ್ತೂ ಒಂದೇ ಗಾತ್ರದ್ದಾದರೆ ತರಲಪ್ರತಿಬಂಧ. ನಡುವೆ ದೊಡ್ಡದಿದ್ದು ಎರಡೂ ಕಡೆ ಕ್ರಮವಾಗಿ ಕಿರಿದಾಗುತ್ತ ಹೋದರೆ ಅವಘಾಟಕ. ಇಂದಿನ ಆಭರಣದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ಮುತ್ತಿನ ಸರಗಳಲ್ಲಿ ಹೆಚ್ಚಿನವು ಈ ಎರಡರಲ್ಲೊಂದಕ್ಕೆ ಸೇರುತ್ತವೆ. ಹೊಸಬರು ತರಲಪ್ರತಿಬಂಧದಿಂದ ಆರಂಭಿಸಲಿ. ಅವಘಾಟಕದಲ್ಲಿ ಮುತ್ತು ಆರಿಸುವುದಕ್ಕೇ ಪೋಣಿಸುವುದಕ್ಕಿಂತ ಹೆಚ್ಚು ಹೊತ್ತು ಬೇಕು.

ಎಲ್ಲಕ್ಕೂ ರೇಷ್ಮೆಯೇ ಆಗಬೇಕೆಂಬ ಹಟ ಬೇಡ. ಗಾಜಿನ ಮಣಿಯ ತೂತಿನ ಅಂಚು ಹರಿತ, ರೇಷ್ಮೆಯನ್ನು ಕೊಯ್ದುಹಾಕುತ್ತದೆ. ಕರಿಮಣಿಯನ್ನು ಮನೆಯಲ್ಲೇ ಪೋಣಿಸುವವರಿಗೆ ಹೆಣೆದ ನೈಲಾನ್ ದಾರ ವಾಸಿ; ಕರಿಮಣಿ ಹರಿದರೆ ಮನೆಯಲ್ಲಿ ಎಷ್ಟು ಕಳವಳವೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಕರಾವಳಿಯ ಮಳೆಗಾಲದ ಥಂಡಿಯಲ್ಲಿ ರೇಷ್ಮೆ ನೀರು ಹೀರಿ ಹಿಗ್ಗುತ್ತದೆ. ಮುತ್ತಿನ ಸರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ದಾರ ಪೂರ್ತಿ ಒಣಗುವ ತನಕ ಧರಿಸಬಾರದು, ನೇತುಹಾಕಲೂಬಾರದು.

ಅಜ್ಜಿಯ ಕಾಲದ ಸರವೊಂದು ಪೆಟ್ಟಿಗೆಯಲ್ಲಿದ್ದು ಅದರ ದಾರ ಮಾಸಿದ್ದರೆ ಹೊಸ ದಾರಕ್ಕೆ ಏರಿಸುವುದನ್ನು ಮುಂದೂಡಬಾರದು. ಮೊದಲು ಟವೆಲನ್ನು ನೆರಿಗೆ ಬರುವಂತೆ ಮಡಚಿ ಮೇಜಿನ ಮೇಲೆ ಹರಡಬೇಕು. ಕೊಂಡಿಯ ಕಡೆಯಿಂದ ಒಂದೊಂದೇ ಗಂಟು ಕತ್ತರಿಸಿ, ಬಿಡಿಸಿದ ಮುತ್ತನ್ನು ಸರದಲ್ಲಿದ್ದ ಸಾಲಿನಲ್ಲೇ ನೆರಿಗೆಯೊಳಗೆ ಇಡುತ್ತ ಹೋಗಬೇಕು. ಅವಘಾಟಕದ ಸರವಾದರೆ ನಡುವಿನ ದೊಡ್ಡ ಮುತ್ತು ಬಿಡಿಸುವ ಮೊದಲು ಎರಡೂ ಕಡೆಯ ಎಣಿಕೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಫ್ಯಾನು ಆರಿಸಿ ಕೂತರೆ ಇನ್ನೂ ಕ್ಷೇಮ.