ಗರ ಬಿದ್ದ ಹಾಗೆ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹೋದ ವಾರ ಪಕ್ಕದಲ್ಲಿ ಕೂತಿದ್ದ ಇಬ್ಬರ ಮಾತು ಕಿವಿಗೆ ಬಿತ್ತು. ‘ಆಕ್ಸಿಡೆಂಟ್ ಕೇಸು ಏನಾಯ್ತಣ್ಣ?’ ‘ನಮ್ ಕಡೆಗೇ ಆಗೋ ಚಾನ್ಸ್ ಐತೆ ಕಣಪ್ಪ.’

ಎರಡೇ ಮಾತಿನಲ್ಲಿ ಒಂದೇ ತಾಯಿಯ ಮೂರು ಮಕ್ಕಳು! ಆಕ್ಸಿಡೆಂಟು, ಕೇಸು, ಚಾನ್ಸು ಮೂರೂ ಲ್ಯಾಟಿನ್ನಿನ ‘ಕಾದೆರೆ’ ಧಾತುವಿನಿಂದ ಬಂದವು. ಕಾದೆರೆ ಎಂದರೆ ಬೀಳು. ಮೇಲೆ ಬಂದು ಬಿದ್ದದ್ದು ಆಕ್ಸಿಡೆಂಟು, ಬಿದ್ದ ಸಂಗತಿ ಕೇಸು, ದಾಳ ಬಿದ್ದ ಬಗೆ ಚಾನ್ಸು. ಹಳೆಯ ಫ್ರೆಂಚಿನಲ್ಲಿ ದಾಳದಾಟಕ್ಕೆ ಅಂಟಿಕೊಂಡಿದ್ದ ಈ ಮಾತು 1300ರ ಸುಮಾರಿಗೆ ಇಂಗ್ಲಿಷಿಗೆ ದಾಟಿತು. ಅವಕಾಶ ಎಂಬ ಅರ್ಥ ಕೂಡಿಕೊಂಡದ್ದು ಆಮೇಲೆ.

ಇದನ್ನು ನಿಘಂಟಿನಲ್ಲಿ ಮೊದಲು ಓದಿದ ದಿನ ಅರಕಲಗೂಡು ಕಡೆಯ ನಮ್ಮಜ್ಜಿ ಮನೆಯ ಜಗಲಿ ಕಣ್ಮುಂದೆ ಬಂತು. ಸೀಮೆಸುಣ್ಣದಲ್ಲಿ ಗೀಚಿದ ಚೌಕಾಬಾರದ ಮನೆ. ಕವಡೆ ಸಾಲದಿದ್ದರೆ ಅಜ್ಜಿ ಹುಣಸೆಬೀಜವನ್ನು ಚಪ್ಪಡಿಕಲ್ಲಿಗೆ ತಿಕ್ಕಿ, ಒಂದು ಮಗ್ಗುಲು ಬೆಳ್ಳಗೆ ಮಾಡಿ ಕೊಡುತ್ತಿದ್ದಳು. ನಾಲ್ಕು ಬೀಜ ಅಂಗೈಯಲ್ಲಿ ಕುಲುಕಿ ಚೆಲ್ಲಿದರೆ ಬೆಳ್ಳಗೆ ಕಂಡಷ್ಟು ಲೆಕ್ಕ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂದರೆ ಎಂಟು. ಬೀಜ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವುದು 6 ಬಗೆಯಲ್ಲಿ. ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಎದುರಾಳಿಯ ಕಾಯಿ ಎರಡು ಮನೆ ಹಿಂದಿದ್ದರೆ ತನ್ನದನ್ನು ತಪ್ಪದೆ ಜರುಗಿಸುತ್ತಿದ್ದಳು. ‘ಗರ ಬಿತ್ತು’ ಎಂದೇ ಅವಳ ಮಾತು. ಲ್ಯಾಟಿನ್ನಿನವರು ಕಂಡದ್ದೂ ಅದೇ ಬೀಳುವಿಕೆ.

ಪಂಪನ ಕಾಲದ ಕನ್ನಡದಲ್ಲಿ ಈ ಬಗೆಯ ಆಟಕ್ಕೆ ‘ನೆತ್ತ’ ಎಂಬ ಸೊಗಸಾದ ಪದವಿತ್ತು. ಕಳೆದುಕೊಂಡೆವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಸಂಸ್ಕೃತದ ‘ಕಾಕತಾಳೀಯ’ದಲ್ಲೂ ಕಾಗೆ ಬಂದು ಕೂರುವ ಹೊತ್ತಿಗೆ ಬೀಳುವುದು ತಾಳೆಹಣ್ಣೇ.

ಚಾನ್ಸಿಗೆ ಅದೃಷ್ಟ ಎಂದು ಬರೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದೃಷ್ಟವೆಂದರೆ ಕಣ್ಣಿಗೆ ಕಾಣದ್ದು. ಹಿಂದೆ ಮಾಡಿದ ಕರ್ಮದ ಲೆಕ್ಕ ಅದರ ಬೆನ್ನಿಗಿದೆ. ಗರಕ್ಕೆ ಹಿಂದುಮುಂದಿಲ್ಲ. ಚೆಲ್ಲಿದ ಕೈ ಯಾರದೆಂದು ಹುಣಸೆಬೀಜ ಕೇಳುವುದಿಲ್ಲ. ಚಾನ್ಸಿಗೆ ಹತ್ತಿರದ ಕನ್ನಡ ಬೇಕೆಂದರೆ ಗರವೇ ಸರಿ.

ಚನ್ನರಾಯಪಟ್ಟಣದ ಹುಡುಗರು ಒಳ್ಳೆಯ ಸಿನಿಮಾ ನೋಡಿ ಬಂದು ‘ಚಾನ್ಸೇ ಇಲ್ಲ ಗುರು’ ಎಂದಾಗ ಆ ಪದ ಪೂರಾ ನಮ್ಮದಾಗಿರುತ್ತದೆ. ಇಂಗ್ಲಿಷಿನವನಿಗೆ ಅದು ಹೊಗಳಿಕೆ ಎಂದು ಬಿಡಿಸಿ ಹೇಳಬೇಕು.

ಬೀಳುವ ಮಾತು ಪೂರ್ತಿ ಬಲ್ಲವನು ಹಾಸನದ ಆಲೂಗೆಡ್ಡೆ ಬೆಳೆಗಾರ. ಮೇ ತಿಂಗಳಲ್ಲಿ ಎಪಿಎಂಸಿ ಯಾರ್ಡಿನಿಂದ ಜಲಂಧರಿನ ಬಿತ್ತನೆಗೆಡ್ಡೆಯ ಮೂಟೆ ಹೊತ್ತು ತರುತ್ತಾನೆ. ಅಲ್ಲಿಂದ ಕೀಳುವ ತನಕ ಎದುರು ಸಿಕ್ಕವರು ಅವನನ್ನು ಕೇಳುವುದು ಮೂರೇ: ಮಳೆ ಬಿತ್ತಾ? ಅಂಗಮಾರಿ ಬಿತ್ತಾ? ರೇಟು ಬಿತ್ತಾ?